ಕಿಡ್ನಿ ವೈಫಲ್ಯದಲ್ಲಿ ಕರುಳು, ಉರಿಯೂತ, ಪ್ರೋಬಯಾಟಿಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಡಯಾಲಿಸಿಸ್ ಘಟಕದಲ್ಲಿ ಆಹಾರ ಸಲಹೆ ಕೊಡುವುದು ನನ್ನ ಕೆಲಸ. ರೋಗಿಗಳು, ಅವರ ಮನೆಯವರು ಮಾತಿನ ನಡುವೆ, ಪತ್ರದಲ್ಲಿ, ಮೆಸೇಜಿನಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಆಳದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು. ಯಾವುದೇ ಔಷಧಿ ಶುರು ಮಾಡುವುದು, ನಿಲ್ಲಿಸುವುದು ಮಾತ್ರ ನಿಮ್ಮ ಕಿಡ್ನಿ ಡಾಕ್ಟರ ಹತ್ತಿರ ಮಾತಾಡಿಯೇ ಆಗಬೇಕು.

## ಮೊದಲ ಪ್ರಶ್ನೆಗಳು

ಕಾಯಿಲೆ ಇರೋದು ಕಿಡ್ನಿಗೆ. ನೀವು ಹೊಟ್ಟೆ ವಿಷಯ ಯಾಕೆ ಕೇಳ್ತೀರಿ?

ಕಿಡ್ನಿ ಹೊರಗೆ ಹಾಕದ ಯೂರಿಯಾ ರಕ್ತದಲ್ಲಿ ಏರುತ್ತದೆ. ಆ ರಕ್ತ ಕರುಳಿಗೂ ಹೋಗುತ್ತದಲ್ವಾ? ಅಲ್ಲಿ ಯೂರಿಯಾ ಕರುಳಿನ ಒಳಗೆ ಜಿನುಗುತ್ತದೆ. ಅಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಯೂರಿಯೇಸ್ ಎಂಬ ಕಿಣ್ವ ಇದೆ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ.

ಕರುಳಿನ ಒಳಗೋಡೆ ತುಂಬ ತೆಳು. ಒಂದೇ ಒಂದು ಸಾಲು ಜೀವಕೋಶ, ಅದರ ಮೇಲೆ ಲೋಳೆಯ ಹೊದಿಕೆ, ಅಷ್ಟೇ. ನಮ್ಮ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಎಂಬ ಅಂದಾಜಿದೆ. ಅವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಗೋಡೆಯ ಆಚೆ ಅವು, ಈಚೆ ನಮ್ಮ ರಕ್ತ. ಕೋಶ ಕೋಶದ ನಡುವಿನ ಸಂದನ್ನು ಕ್ಲಾಡಿನ್, ಅಕ್ಲೂಡಿನ್ ಎಂಬ ಪ್ರೋಟೀನ್‌ಗಳು ಬಿಗಿಯಾಗಿ ಹೊಲಿದಿಟ್ಟಿರುತ್ತವೆ. ಯೂರಿಯಾದಿಂದ ಹುಟ್ಟಿದ ಅಮೋನಿಯಾ ಈ ಹೊಲಿಗೆಯನ್ನು ಸಡಿಲ ಮಾಡುತ್ತದೆ. ಆಗ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ನುಸುಳುತ್ತವೆ, ದೇಹ ಎಚ್ಚೆತ್ತುಕೊಂಡು ಹೋರಾಟಕ್ಕೆ ನಿಲ್ಲುತ್ತದೆ. ಆ ಹೋರಾಟದ ಏಟು ಹೃದಯಕ್ಕೆ, ರಕ್ತನಾಳಕ್ಕೆ, ಉಳಿದಿರುವ ಅಷ್ಟಿಷ್ಟು ಕಿಡ್ನಿಗೆ ಬೀಳುತ್ತದೆ. ಅದಕ್ಕೇ ನಾನು ಹೊಟ್ಟೆ ವಿಷಯ ಕೇಳುವುದು.

ಪ್ರೋಬಯಾಟಿಕ್, ಪ್ರಿಬಯಾಟಿಕ್, ಸಿನ್‌ಬಯಾಟಿಕ್... ಎಲ್ಲಾ ಒಂದೇನಾ?

ಅಲ್ಲ. ಪ್ರೋಬಯಾಟಿಕ್ ಅಂದರೆ ಜೀವಂತ ಸೂಕ್ಷ್ಮಜೀವಿ. ಪ್ರಿಬಯಾಟಿಕ್ ಅಂದರೆ ಅವುಗಳ ಆಹಾರ, ಅಂದರೆ ನಮಗೆ ಜೀರ್ಣವಾಗದೆ ದೊಡ್ಡ ಕರುಳಿನವರೆಗೂ ಹೋಗುವ ನಾರು. ಎರಡನ್ನೂ ಸೇರಿಸಿ ಕೊಟ್ಟರೆ ಸಿನ್‌ಬಯಾಟಿಕ್.

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರು ಪ್ರೋಬಯಾಟಿಕ್ಕಿಗೆ ಕೊಟ್ಟ ವ್ಯಾಖ್ಯೆಯಲ್ಲಿ ಮೂರು ಷರತ್ತುಗಳಿವೆ: ಜೀವಂತ ಇರಬೇಕು, ಸಾಕಷ್ಟು ಪ್ರಮಾಣದಲ್ಲಿ ಇರಬೇಕು, ತಗೊಂಡವರಿಗೆ ಪ್ರಯೋಜನ ಆಗಬೇಕು. ಮೂರನೆಯದನ್ನು ಮರೆಯಬೇಡಿ. ಹುದುಗಿದ್ದೆಲ್ಲ ಪ್ರೋಬಯಾಟಿಕ್ ಅಲ್ಲ.

ನಂಗೆ ಎಲ್ಲೂ ಊದಿಲ್ಲ, ಉರೀತಾನೂ ಇಲ್ಲ. ಮತ್ತೆ ಉರಿಯೂತ ಇದೆ ಅಂತ ಯಾಕೆ ಹೇಳಿದ್ರು?

ಗಾಯ ಆದಾಗ ಕೆಂಪಾಗಿ ಊದಿಕೊಳ್ಳುತ್ತದಲ್ಲ, ಅದು ಕಣ್ಣಿಗೆ ಕಾಣುವ ಉರಿಯೂತ. ಕಿಡ್ನಿ ವೈಫಲ್ಯದಲ್ಲಿ ಇರುವುದು ಬೂದಿ ಮುಚ್ಚಿದ ಕೆಂಡ. ಮೇಲೆ ಏನೂ ಕಾಣುವುದಿಲ್ಲ, ಒಳಗೆ ತಿಂಗಳುಗಟ್ಟಲೆ ಕಾಯುತ್ತಲೇ ಇರುತ್ತದೆ. ರಕ್ತ ಪರೀಕ್ಷೆಯಲ್ಲಿ ಸಿಆರ್‌ಪಿ ಎಂಬ ಪ್ರೋಟೀನ್ ಏರಿರುವುದು ಅದರ ಗುರುತು. ಸಂಶೋಧನೆ ಮಾಡುವವರು ಐಎಲ್-6, ಟಿಎನ್‌ಎಫ್-ಆಲ್ಫಾ ಎಂಬ ಸಂಕೇತ ಪ್ರೋಟೀನ್‌ಗಳನ್ನೂ ಅಳೆಯುತ್ತಾರೆ.

ನಿಮಗೆ ಇದು ಬೇರೆ ರೂಪದಲ್ಲಿ ಕಾಣಿಸುತ್ತದೆ. ಹಿಮೋಗ್ಲೋಬಿನ್ನಿಗೆ ಇಂಜೆಕ್ಷನ್ ಕೊಟ್ಟರೂ ಅದು ಏರುವುದಿಲ್ಲ, ಯಾಕೆ ಅಂದರೆ ಉರಿಯೂತ ಇದ್ದಾಗ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಅದು ದೇಹದಲ್ಲಿರುವ ಕಬ್ಬಿಣಕ್ಕೆ ಬೀಗ ಹಾಕುತ್ತದೆ. ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಜಾಸ್ತಿ ಇರುತ್ತದೆ, ಆದರೆ ರಕ್ತ ತಯಾರಿಕೆಗೆ ಕಬ್ಬಿಣ ಸಿಗುವುದಿಲ್ಲ. ಜೊತೆಗೆ ಹಸಿವು ಸಾಯುತ್ತದೆ, ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಇಳಿಯುತ್ತದೆ, ತೋಳು ತೊಡೆಯ ಮಾಂಸ ಕರಗುತ್ತದೆ. ಕರುಳೊಂದೇ ಇದಕ್ಕೆ ಕಾರಣ ಅಲ್ಲ. ಹಲ್ಲಿನ ವಸಡಿನ ಸೋಂಕು, ಡಯಾಲಿಸಿಸ್ ಕ್ಯಾತಿಟರ್ (ರಕ್ತನಾಳಕ್ಕೆ ಹಾಕಿದ ಕೊಳವೆ), ಕೆಲಸ ಮಾಡದೆ ಉಳಿದಿರುವ ಹಳೆಯ ಗ್ರಾಫ್ಟ್ (ಡಯಾಲಿಸಿಸ್‌ಗೆಂದು ಜೋಡಿಸಿದ ಕೃತಕ ನಾಳ), ಇವೂ ಕಾರಣ ಆಗುತ್ತವೆ. ಸಿಆರ್‌ಪಿ ಏರಿದೆ ಅಂದ ತಕ್ಷಣ ಪ್ರೋಬಯಾಟಿಕ್ ಹುಡುಕಬೇಡಿ. ಮೊದಲು ಬಾಯಿ, ಚರ್ಮ, ಕ್ಯಾತಿಟರ್ ಜಾಗ ತೋರಿಸಿ.

ಉರಿಯೂತ ಜಾಸ್ತಿ ಇದ್ರೆ ರೋಗನಿರೋಧಕ ಶಕ್ತಿ ಜೋರಾಗಿದೆ ಅಂತ ಅಲ್ವಾ? ಮತ್ತೆ ಸೋಂಕು ಯಾಕೆ ಬೇಗ ತಗಲುತ್ತೆ?

ಈ ಪ್ರಶ್ನೆ ಕೇಳಿದವರು ಒಬ್ಬ ಶಾಲಾ ಮೇಷ್ಟ್ರು. ತುಂಬ ಒಳ್ಳೆಯ ಪ್ರಶ್ನೆ. ಕಾವಲುಗಾರ ದಿನವಿಡೀ ಸುಮ್ನೆ ಕೂಗುತ್ತಲೇ ಇದ್ದರೆ ಕಳ್ಳ ಬಂದಾಗ ಅವನಿಗೆ ದನಿಯೇ ಇರುವುದಿಲ್ಲ. ಇಲ್ಲೂ ಹಾಗೇ. ಸದಾ ಕೆರಳಿರುವ ಬಿಳಿ ರಕ್ತಕಣಗಳು ದಣಿಯುತ್ತವೆ. ರೋಗಾಣುವನ್ನು ನುಂಗಿ ಕೊಲ್ಲುವ ಶಕ್ತಿ ಕಡಿಮೆ ಆಗುತ್ತದೆ. ಹೊಸ ರೋಗಾಣುವನ್ನು ಗುರುತಿಸಿ ಕಲಿಯಬೇಕಾದ ಟಿ-ಕೋಶಗಳ ಸಂಖ್ಯೆ ಇಳಿಯುತ್ತದೆ.

ಇದಕ್ಕೆ ಕಣ್ಣೆದುರಿನ ಸಾಕ್ಷಿ ಹೆಪಟೈಟಿಸ್-ಬಿ ಲಸಿಕೆ. ಡಯಾಲಿಸಿಸ್ ರೋಗಿಗಳಿಗೆ ಸಾಮಾನ್ಯ ಪ್ರಮಾಣ ಸಾಲುವುದಿಲ್ಲ, 40 ಮೈಕ್ರೋಗ್ರಾಂ ಕೊಡುತ್ತಾರೆ. ಆಮೇಲೂ ಪ್ರತಿಕಾಯ ಬಂದಿದೆಯಾ ಎಂದು ರಕ್ತ ಪರೀಕ್ಷೆ ಮಾಡಿ ನೋಡುತ್ತಾರೆ, ಕೆಲವರಿಗೆ ಬಂದಿರುವುದೇ ಇಲ್ಲ. ಹಾಗಾಗಿ ಲಸಿಕೆ ತಪ್ಪಿಸಬೇಡಿ. ಪ್ರೋಬಯಾಟಿಕ್ ಯಾವ ಲಸಿಕೆಗೂ ಬದಲಿ ಅಲ್ಲ.

ಮೊಸರು ದಿನಾ ತಿಂತೀನಿ, ಅದು ಸಾಲದಾ?

ಮೊಸರು ಒಳ್ಳೆಯದೇ. ಆದರೆ ಹಾಲನ್ನು ಹೆಪ್ಪಾಗಿಸುವ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಕರುಳಲ್ಲಿ ನೆಲೆ ನಿಲ್ಲುವುದಿಲ್ಲ, ಬಂದು ಹಾದು ಹೋಗುತ್ತವೆ. ಕಿಡ್ನಿ ರೋಗಿಗೆ ಲೆಕ್ಕ ಬೇರೆಯೂ ಇದೆ. 100 ಗ್ರಾಂ ಮೊಸರಿನಲ್ಲಿ ಹತ್ತಿರ ಹತ್ತಿರ 100 ಮಿಲಿಗ್ರಾಂ ರಂಜಕ, 150 ಮಿಲಿಗ್ರಾಂ ಪೊಟ್ಯಾಶಿಯಂ ಇರುತ್ತದೆ. ಅದರ ನೀರಿನಂಶವೂ ದಿನದ ನೀರಿನ ಲೆಕ್ಕಕ್ಕೆ ಸೇರುತ್ತದೆ. ಒಂದು ಸಣ್ಣ ಬಟ್ಟಲು ಬಹಳ ಜನರಿಗೆ ಹೊಂದುತ್ತದೆ, ಎರಡು ಲೋಟ ಮಜ್ಜಿಗೆ ಹೊಂದದಿರಬಹುದು. ನಿಮ್ಮ ಈ ತಿಂಗಳ ರಂಜಕ, ಪೊಟ್ಯಾಶಿಯಂ ರಿಪೋರ್ಟ್ ನೋಡಿಯೇ ಪ್ರಮಾಣ ಹೇಳಬೇಕು.

ಡಯಾಲಿಸಿಸ್ ಇರೋರಿಗೆಲ್ಲ ಮಲಬದ್ಧತೆ ಸಾಮಾನ್ಯ ಅಂತಾರೆ. ಹಾಗೇ ಬಿಡಬಹುದಾ?

ಬಿಡಬೇಡಿ. ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುತ್ತೀರಿ ಅಂದರೆ ಇದನ್ನು ಓದಿ.

ನೀರಿಗೆ ಮಿತಿ, ಹಣ್ಣು ತರಕಾರಿಗೆ ಮಿತಿ, ರಂಜಕ ಹಿಡಿದಿಡುವ ಮಾತ್ರೆ, ಕಬ್ಬಿಣದ ಮಾತ್ರೆ, ಓಡಾಟ ಕಡಿಮೆ. ಇಷ್ಟೂ ಸೇರಿದರೆ ಕರುಳು ನಿಧಾನ ಆಗದೆ ಇನ್ನೇನು? ಮಲ ಒಳಗೆ ಜಾಸ್ತಿ ಹೊತ್ತು ನಿಂತಷ್ಟೂ ಬ್ಯಾಕ್ಟೀರಿಯಾಗಳು ನಾರು ಮುಗಿಸಿ ಪ್ರೋಟೀನ್ ಕೊಳೆಸಲು ಶುರು ಮಾಡುತ್ತವೆ. ಕಿಡ್ನಿ ರೋಗಿಯ ರಕ್ತಕ್ಕೆ ಸೇರುವ ಕೆಟ್ಟ ವಸ್ತುಗಳು ಹುಟ್ಟುವುದು ಆಗಲೇ.

ಪೊಟ್ಯಾಶಿಯಂ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಆರೋಗ್ಯವಂತರಲ್ಲಿ ತಿಂದ ಪೊಟ್ಯಾಶಿಯಂನಲ್ಲಿ ನೂರಕ್ಕೆ 5ರಿಂದ 10 ಪಾಲು ಮಾತ್ರ ಮಲದಲ್ಲಿ ಹೋಗುತ್ತದೆ. ಕಿಡ್ನಿ ಕೈಕೊಟ್ಟ ಮೇಲೆ ದೊಡ್ಡ ಕರುಳು ಹೆಚ್ಚಿನ ಹೊಣೆ ಹೊರುತ್ತದೆ, ಕಾಲು ಭಾಗದವರೆಗೂ ಹೊರಹಾಕುತ್ತದೆ. ನಾಲ್ಕು ದಿನ ಮಲ ಹೋಗಿಲ್ಲ ಅಂದರೆ ಆ ದಾರಿಯೂ ಮುಚ್ಚಿದ ಹಾಗೆ. ಊಟ ಬದಲಾಗದೆ ಪೊಟ್ಯಾಶಿಯಂ ಏರಿದ್ದರೆ ನಾನು ಮೊದಲು ಕೇಳುವುದು "ಹೊಟ್ಟೆ ಸರಿಯಾಗಿ ಹೋಗ್ತಿದೆಯಾ?" ಅಂತಲೇ. ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಕೊಳ್ಳುವವರಿಗೆ ಇನ್ನೊಂದು ತೊಂದರೆ ಇದೆ. ತುಂಬಿದ ಕರುಳು ಕೊಳವೆಯನ್ನು ಒತ್ತಿ ದ್ರಾವಣ ಇಳಿಯದ ಹಾಗೆ ಮಾಡುತ್ತದೆ.

ಪರಿಹಾರಕ್ಕೆ ಲ್ಯಾಕ್ಟುಲೋಸ್ ಅನ್ನು ಡಾಕ್ಟರು ಹೆಚ್ಚಾಗಿ ಬರೆಯುತ್ತಾರೆ. ಅದು ಕರುಳಿನ ಬ್ಯಾಕ್ಟೀರಿಯಾಗಳಿಗೆ ಆಹಾರವೂ ಹೌದು. ಮೆಗ್ನೀಸಿಯಂ ಇರುವ ಭೇದಿ ಔಷಧಿ, ಫಾಸ್ಫೇಟ್ (ಅಂದರೆ ರಂಜಕ) ಇರುವ ಎನಿಮಾ ಮಾತ್ರ ನೀವಾಗಿಯೇ ತಗೋಬೇಡಿ. ಅವೆರಡೂ ರಕ್ತದಲ್ಲಿ ಉಳಿದುಕೊಂಡು ಅಪಾಯ ತರುತ್ತವೆ. ಮಲಬದ್ಧತೆ ಆಗುತ್ತದೆ ಅಂತ ರಂಜಕದ ಮಾತ್ರೆ ಗುಟ್ಟಾಗಿ ನಿಲ್ಲಿಸುವವರು ಬಹಳ ಇದ್ದಾರೆ. ದಯವಿಟ್ಟು ಹೇಳಿ, ಬೇರೆ ಮಾತ್ರೆ ಇದೆ.

## ಕ್ಯಾಪ್ಸೂಲ್ ಕೊಳ್ಳುವ ಮೊದಲು

ಪ್ರೋಬಯಾಟಿಕ್ ತಗೊಂಡ್ರೆ ಡಯಾಲಿಸಿಸ್ ತಪ್ಪುತ್ತಾ?

ಇಲ್ಲ. ಯಾರು ಹೇಳಿದರೂ ನಂಬಬೇಡಿ. ಬ್ಯಾಕ್ಟೀರಿಯಾ ನೀರು ತೆಗೆಯುವುದಿಲ್ಲ, ಏರಿದ ಪೊಟ್ಯಾಶಿಯಂ ಇಳಿಸುವುದಿಲ್ಲ. ಒಂದು ಡಯಾಲಿಸಿಸ್ ತಪ್ಪಿಸಿದರೂ ಜೀವಕ್ಕೆ ಅಪಾಯ.

ಎರಡು ತಿಂಗಳಿಂದ ತಗೋತಿದೀನಿ, ಕ್ರಿಯಾಟಿನಿನ್ ಇಳಿದಿದೆ. ಕಿಡ್ನಿ ಸುಧಾರಿಸ್ತಿದೆ ಅಂತ ತಾನೆ?

ಹಾಗೆ ಹೇಳಲು ಬರುವುದಿಲ್ಲ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೊರಹಾಕಬೇಕಾದ ಕಸ, ಅದು ಹುಟ್ಟುವುದು ಮಾಂಸಖಂಡದಿಂದ. ಮಾಂಸ ಕರಗಿದರೂ ಅದು ಇಳಿಯುತ್ತದೆ. ಊಟದಲ್ಲಿ ಮಾಂಸ ಬಿಟ್ಟರೂ ಇಳಿಯುತ್ತದೆ. ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಕ್ರಿಯಾಟಿನಿನ್ ಅನ್ನು ಒಡೆಯಬಲ್ಲವು, ಆಗಲೂ ಸಂಖ್ಯೆ ಇಳಿಯುತ್ತದೆ. ಈ ಮೂರರಲ್ಲಿ ಯಾವುದರಲ್ಲೂ ಕಿಡ್ನಿ ಸುಧಾರಿಸಿಲ್ಲ.

ತೂಕ ಇಳಿದಿದೆಯಾ ನೋಡಿ. ಕೈಬಳೆ, ಉಂಗುರ ಸಡಿಲ ಆಗಿದೆಯಾ ನೋಡಿ. ಡಯಾಲಿಸಿಸ್ ಶುರು ಆಗದವರಾದರೆ ಕಿಡ್ನಿ ಕೆಲಸ ಅಳೆಯುವ ಸಿಸ್ಟಾಟಿನ್-ಸಿ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಬಹುದು, ಅದು ಮಾಂಸಖಂಡದ ಮೇಲೆ ಅಷ್ಟಾಗಿ ನಿಂತಿಲ್ಲ. ಆದರೆ ಉರಿಯೂತ ಇದ್ದಾಗ ಅದೂ ಸ್ವಲ್ಪ ಏರುಪೇರಾಗುತ್ತದೆ.

ಡಬ್ಬದ ಮೇಲೆ ಏನೇನೋ ಬರೆದಿರುತ್ತೆ. ನಾನು ಏನು ನೋಡ್ಬೇಕು?

ಮೊನ್ನೆ ಒಬ್ಬ ಅಮ್ಮ ಚೀಲದಿಂದ ಡಬ್ಬ ತೆಗೆದು ನನ್ನ ಮೇಜಿನ ಮೇಲಿಟ್ಟರು. ಮುಂಭಾಗದಲ್ಲಿ ದೊಡ್ಡಕ್ಷರದಲ್ಲಿ "ಕಿಡ್ನಿ ಆರೋಗ್ಯಕ್ಕೆ". ಹಿಂದೆ ತಿರುಗಿಸಿದೆವು. ಸಣ್ಣಕ್ಷರ ಓದಲು ಭೂತಗನ್ನಡಿ ಬೇಕಾಯಿತು. "ಲ್ಯಾಕ್ಟೋಬ್ಯಾಸಿಲಸ್ ಮಿಶ್ರಣ" ಅಂತ ಇತ್ತು, ಅದಕ್ಕಿಂತ ಮುಂದೆ ಏನೂ ಇಲ್ಲ. ಕೊನೆಯ ಸಾಲಿನಲ್ಲಿ ಪೊಟ್ಯಾಶಿಯಂ ಫಾಸ್ಫೇಟ್. ಆ ಅಮ್ಮ ಎರಡನ್ನೂ ಊಟದಲ್ಲಿ ತಿಂಗಳುಗಳಿಂದ ಲೆಕ್ಕ ಹಾಕಿ ಬಿಡುತ್ತಿದ್ದವರು.

ಮೊದಲು ಹೆಸರು. ಒಳ್ಳೆಯ ಲೇಬಲ್‌ನಲ್ಲಿ ಕುಲ, ಜಾತಿ, ತಳಿ ಮೂರೂ ಇರುತ್ತವೆ. ಒಂದೇ ಜಾತಿಯ ಎರಡು ತಳಿಗಳು ಬೇರೆ ಬೇರೆ ಥರ ನಡೆದುಕೊಳ್ಳುತ್ತವೆ, ಹಾಗಾಗಿ ತಳಿಯ ಸಂಕೇತ ಇಲ್ಲದಿದ್ದರೆ ಒಳಗೆ ಏನಿದೆ ಎಂದು ಹೇಳಲಾಗದು. 2020ರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕುಲವನ್ನು ಒಡೆದು ಹಲವು ಕುಲ ಮಾಡಿದರು. ಹಾಗಾಗಿ "ಲ್ಯಾಕ್ಟಿಕೇಸಿಬ್ಯಾಸಿಲಸ್ ರ‍್ಯಾಮ್ನೋಸಸ್" ಅಂತ ಕಂಡರೆ ಗಾಬರಿ ಬೇಡ, ಹಳೆಯದಕ್ಕೇ ಹೊಸ ಹೆಸರು.

ಆಮೇಲೆ ಸಂಖ್ಯೆ. ಸಿಎಫ್‌ಯು ಅಂದರೆ ಬೆಳೆಯಬಲ್ಲ ಜೀವಿಗಳ ಲೆಕ್ಕ. ತಯಾರಾದ ದಿನದ ಲೆಕ್ಕವಾ, ಅವಧಿ ಮುಗಿಯುವ ದಿನದವರೆಗಿನ ಭರವಸೆಯಾ ನೋಡಿ. ಎರಡನೆಯದು ಬೇಕು. ಕೊನೆಗೆ ಜೊತೆಯ ಪದಾರ್ಥಗಳು: ಪೊಟ್ಯಾಶಿಯಂ, ಫಾಸ್ಫೇಟ್, ಮೆಗ್ನೀಸಿಯಂ ಎಂಬ ಹೆಸರು ಎಲ್ಲಾದರೂ ಇದೆಯಾ? ಸಕ್ಕರೆ ಎಷ್ಟು? ಗಿಡಮೂಲಿಕೆ ಸೇರಿಸಿದ್ದಾರಾ? ಮೂಲಿಕೆ ಸೇರಿದ್ದರೆ ನಾನು ಬೇಡ ಅಂತಲೇ ಹೇಳುತ್ತೇನೆ.

ಬ್ಯಾಕ್ಟೀರಿಯಾ ಒಳ್ಳೇದೇ ಅಂದ್ಮೇಲೆ ಅಪಾಯ ಏನಿದೆ? ಯಾರು ತಗೋಬಾರದು?

ಬಹಳ ಜನರಿಗೆ ಗ್ಯಾಸ್, ಹೊಟ್ಟೆ ಉಬ್ಬರ ಬಿಟ್ಟರೆ ಏನೂ ಆಗುವುದಿಲ್ಲ. ಆದರೆ ಕಿಡ್ನಿ ರೋಗಿಗಳಲ್ಲಿ ಒಂದು ಗುಂಪಿಗೆ ಅಪಾಯ ನಿಜವಾಗಿಯೂ ಇದೆ. ಕತ್ತಿನಲ್ಲಿ ಅಥವಾ ಎದೆಯ ಮೇಲೆ ಡಯಾಲಿಸಿಸ್ ಕ್ಯಾತಿಟರ್ ಇರುವವರು ಅವರು.

ಸ್ಯಾಕರೋಮೈಸಿಸ್ ಬೌಲಾರ್ಡಿ ಎಂಬ ಯೀಸ್ಟ್ ಪುಡಿ ಭೇದಿಗೆ ಬಹಳ ಬಳಕೆಯಲ್ಲಿದೆ. ಪೊಟ್ಟಣ ಹರಿದಾಗ ಪುಡಿ ಗಾಳಿಯಲ್ಲಿ ಹಾರುತ್ತದೆ, ಬೆರಳಿಗೆ ಅಂಟುತ್ತದೆ. ಅದೇ ಕೈ ಕ್ಯಾತಿಟರ್ ಮುಚ್ಚಳ ಮುಟ್ಟಿದರೆ ಸಾಕು, ಯೀಸ್ಟ್ ನೇರ ರಕ್ತಕ್ಕೆ ಸೇರಬಹುದು. ಹೀಗೆ ರಕ್ತದ ಸೋಂಕಾಗಿ ಜೀವ ಹೋದ ವರದಿಗಳಿವೆ. ಅದಕ್ಕೇ ಯುರೋಪಿನ ಔಷಧ ನಿಯಂತ್ರಕರು ದೊಡ್ಡ ರಕ್ತನಾಳದ ಕ್ಯಾತಿಟರ್ ಇರುವವರಿಗೆ, ತೀವ್ರ ನಿಗಾದಲ್ಲಿರುವವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಇದನ್ನು ಕೊಡಬಾರದು ಎಂದಿದ್ದಾರೆ. ಪಕ್ಕದ ಹಾಸಿಗೆಯವರ ಕ್ಯಾತಿಟರ್‌ಗೂ ಈ ಪುಡಿ ತಲುಪಬಹುದು. ಡಯಾಲಿಸಿಸ್ ಕೋಣೆಯಲ್ಲಿ ಕೂತು ಯಾವ ಪೊಟ್ಟಣವನ್ನೂ ಬಿಚ್ಚಬೇಡಿ.

2008ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಒಂದು ಪ್ರಯೋಗ ನೆನಪಿಡಬೇಕು. ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದ 298 ರೋಗಿಗಳಲ್ಲಿ ಪ್ರೋಬಯಾಟಿಕ್ ಪಡೆದ ಗುಂಪಿನಲ್ಲಿ ನೂರಕ್ಕೆ 16 ಜನ ತೀರಿಕೊಂಡರು, ಪಡೆಯದ ಗುಂಪಿನಲ್ಲಿ 6 ಜನ. ಅದು ಕಿಡ್ನಿ ರೋಗ ಅಲ್ಲ, ನಿಜ. ಆದರೆ ತುಂಬ ಅಸ್ವಸ್ಥರಾಗಿರುವಾಗ "ಇದ್ದರೆ ಒಳ್ಳೇದು" ಎಂದು ಕೊಡುವ ವಸ್ತು ಇದಲ್ಲ ಎಂದು ಅದು ಕಲಿಸಿತು.

ಆ್ಯಂಟಿಬಯಾಟಿಕ್ ಜೊತೆ ತಗೋಬಹುದಾ?

ಡಾಕ್ಟರು ಒಪ್ಪಿದ್ದರೆ ಎರಡರ ನಡುವೆ ಕನಿಷ್ಠ ಎರಡು ಗಂಟೆ ಅಂತರ ಇಡಿ, ಇಲ್ಲದಿದ್ದರೆ ಔಷಧಿ ಆ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಜ್ವರ, ಚಳಿ ಇರುವಾಗ ಹೊಸದಾಗಿ ಶುರು ಮಾಡಬೇಡಿ. ಆ್ಯಂಟಿಬಯಾಟಿಕ್ ತಗೊಂಡ ಮೇಲೆ ನೀರುನೀರಾಗಿ ಭೇದಿ ಹಿಡಿದರೆ ಮನೆಯಲ್ಲೇ ಪ್ರೋಬಯಾಟಿಕ್ ಪ್ರಯೋಗ ಬೇಡ, ಮಲ ಪರೀಕ್ಷೆ ಬೇಕಾಗಬಹುದು.

ಪೊಟ್ಯಾಶಿಯಂ ಭಯಕ್ಕೆ ಹಣ್ಣು ತರಕಾರಿ ಪೂರ್ತಿ ಬಿಟ್ಟಿದೀನಿ. ಇನ್ನು ನಾರು ಎಲ್ಲಿಂದ ತರಲಿ?

ಈ ಭಯ ಹುಟ್ಟಿಸಿದ್ದು ನಾವೇ, ಸಲಹೆ ಕೊಡುವವರು. ಉದ್ದನೆಯ "ಬೇಡ" ಪಟ್ಟಿ ಕೊಟ್ಟು ಕಳಿಸಿದೆವು, "ಇದು ತಿನ್ನಿ" ಎಂದು ಹೇಳಲಿಲ್ಲ. ಈಗ ತಿಳುವಳಿಕೆ ಬದಲಾಗಿದೆ. 2024ರ ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿ ಕೂಡ ಸಸ್ಯಾಹಾರದ ಪಾಲು ಹೆಚ್ಚಿಸಿ, ತೀರಾ ಸಂಸ್ಕರಿಸಿದ ತಿನಿಸು ಕಡಿಮೆ ಮಾಡಿ ಎನ್ನುತ್ತದೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಮಾಹಿತಿ ಇಟ್ಟುಕೊಂಡು 2012ರಲ್ಲಿ ಒಂದು ಅಧ್ಯಯನ ಬಂತು. ದಿನಕ್ಕೆ 10 ಗ್ರಾಂ ನಾರು ಹೆಚ್ಚು ತಿನ್ನುವ ಕಿಡ್ನಿ ರೋಗಿಗಳಲ್ಲಿ ಸಿಆರ್‌ಪಿ ಏರಿರುವ ಸಾಧ್ಯತೆ 38 ಶೇಕಡ ಕಡಿಮೆ ಇತ್ತು. ಕಿಡ್ನಿ ಚೆನ್ನಾಗಿದ್ದವರಲ್ಲಿ ಈ ವ್ಯತ್ಯಾಸ 11 ಶೇಕಡ ಮಾತ್ರ. ನಾರೇ ಅದಕ್ಕೆ ಕಾರಣ ಎಂದು ಇಂಥ ಸಮೀಕ್ಷೆ ಸಾಬೀತು ಮಾಡುವುದಿಲ್ಲ, ಆದರೆ ದಾರಿ ತೋರಿಸುತ್ತದೆ.

ಮಾಡುವುದು ಹೀಗೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ನೀರು ಬಸಿದು ಚೆಲ್ಲಿ. ಪೊಟ್ಯಾಶಿಯಂನ ಒಳ್ಳೆಯ ಪಾಲು ನೀರಿನ ಜೊತೆ ಹೋಗುತ್ತದೆ, ನಾರು ಉಳಿಯುತ್ತದೆ. ಸೇಬು, ಪೇರ್ (ಮರಸೇಬು, ಸೀಬೆ ಅಲ್ಲ), ಅನಾನಸ್‌ನಂಥ ಪೊಟ್ಯಾಶಿಯಂ ಕಡಿಮೆ ಇರುವ ಹಣ್ಣು ಆರಿಸಿ. ಕಾಳುಗಳಲ್ಲಿರುವ ರಂಜಕಕ್ಕೆ ಅಷ್ಟು ಹೆದರಬೇಡಿ. ಅದು ಫೈಟೇಟ್ ರೂಪದಲ್ಲಿ ಇರುವುದರಿಂದ ನಮ್ಮ ದೇಹ ಹೀರುವುದು ಕಡಿಮೆ. ಪ್ಯಾಕೆಟ್ ತಿನಿಸಿಗೆ ಸೇರಿಸುವ ಫಾಸ್ಫೇಟ್ ಬಹುಪಾಲು ಹೀರಲ್ಪಡುತ್ತದೆ, ಹೆದರಬೇಕಾದ್ದು ಅದಕ್ಕೆ. ಇಸಬ್‌ಗೋಲ್ ತಗೊಳ್ಳುವುದಾದರೆ ಅದಕ್ಕೆ ಬೇಕಾದ ನೀರನ್ನೂ ದಿನದ ಲೆಕ್ಕಕ್ಕೆ ಸೇರಿಸಿ. ನಿಧಾನವಾಗಿ, ವಾರಕ್ಕೆ ಒಂದು ಬದಲಾವಣೆ ಸಾಕು. ಪೊಟ್ಯಾಶಿಯಂ ಈಗಾಗಲೇ ಮೇಲಿದ್ದರೆ ಮೊದಲು ಅದು ಇಳಿಯಲಿ.

## ಸ್ವಲ್ಪ ಆಳಕ್ಕೆ

ಡಯಾಲಿಸಿಸ್ ಎಲ್ಲಾ ಕಸ ತೆಗೆಯುತ್ತಲ್ಲ, ಕರುಳಿನ ವಿಷ ಮಾತ್ರ ಯಾಕೆ ಉಳಿಯುತ್ತೆ?

ಎರಡು ಹೆಸರು ಗೊತ್ತಿರಲಿ: ಇಂಡಾಕ್ಸಿಲ್ ಸಲ್ಫೇಟ್, ಪಿ-ಕ್ರೆಸಿಲ್ ಸಲ್ಫೇಟ್. ಪ್ರೋಟೀನಿನಲ್ಲಿರುವ ಟ್ರಿಪ್ಟೊಫ್ಯಾನನ್ನು ಕರುಳಿನ ಬ್ಯಾಕ್ಟೀರಿಯಾ ಇಂಡೋಲ್ ಮಾಡುತ್ತದೆ, ಲಿವರ್ ಅದನ್ನು ಇಂಡಾಕ್ಸಿಲ್ ಸಲ್ಫೇಟ್ ಮಾಡುತ್ತದೆ. ಟೈರೋಸಿನ್‌ನಿಂದ ಎರಡನೆಯದು ಬರುತ್ತದೆ. ಆರೋಗ್ಯವಂತ ಕಿಡ್ನಿ ಇವನ್ನು ಸುಲಭವಾಗಿ ಹೊರಹಾಕುತ್ತದೆ.

ಡಯಾಲಿಸಿಸ್ ಪೊರೆಗೆ ಅದು ಕಷ್ಟ. ಈ ವಸ್ತುಗಳು ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಆಲ್ಬುಮಿನ್‌ಗೆ ಅಂಟಿಕೊಂಡಿರುತ್ತವೆ. ಆಲ್ಬುಮಿನ್ ದೊಡ್ಡದು, ಪೊರೆಯ ತೂತಿನಲ್ಲಿ ಹೋಗುವುದಿಲ್ಲ, ಹೋಗಲೂಬಾರದು. ಹಾಗಾಗಿ ಅಂಟಿಕೊಂಡ ವಿಷವೂ ಒಳಗೇ ಉಳಿಯುತ್ತದೆ. ರಕ್ತನಾಳದ ಒಳಪದರವನ್ನು ಕೆರಳಿಸುತ್ತದೆ. ಟಿಎಂಎಒ ಎಂಬ ಮೂರನೆಯ ವಸ್ತು ಅಂಟಿಕೊಳ್ಳುವುದಿಲ್ಲ, ಡಯಾಲಿಸಿಸ್‌ನಲ್ಲಿ ಹೋಗುತ್ತದೆ, ಆದರೆ ಮುಂದಿನ ಸರದಿಯ ಹೊತ್ತಿಗೆ ಮತ್ತೆ ಏರಿರುತ್ತದೆ.

ಇವು ಕರುಳಿನಿಂದಲೇ ಬರುತ್ತವೆ ಎಂದು ಹೇಗೆ ಗೊತ್ತಾಯಿತು? 2011ರಲ್ಲಿ ಸಂಶೋಧಕರು ದೊಡ್ಡ ಕರುಳನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಸಿಕೊಂಡಿದ್ದ ಡಯಾಲಿಸಿಸ್ ರೋಗಿಗಳ ರಕ್ತವನ್ನು ಉಳಿದ ರೋಗಿಗಳ ರಕ್ತದ ಜೊತೆ ಹೋಲಿಸಿ ನೋಡಿದರು. ಕರುಳಿಲ್ಲದವರಲ್ಲಿ ಈ ಎರಡು ವಸ್ತುಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇದ್ದವು. ಈ ವಿಷಯದಲ್ಲಿ ನನಗೆ ಅತ್ಯಂತ ನಂಬಿಕೆ ಹುಟ್ಟಿಸಿದ ಪ್ರಯೋಗ ಅದು.

ಹಾಗಂತ ಪ್ರೋಟೀನ್ ಬಿಡಬೇಡಿ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.0ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಅದರ ಜೊತೆ ನಾರು ಇದ್ದರೆ ಬ್ಯಾಕ್ಟೀರಿಯಾಗಳು ಮೊದಲು ನಾರಿಗೆ ಬಾಯಿ ಹಾಕುತ್ತವೆ.

ಕರುಳು "ಸೋರುತ್ತೆ" ಅಂತಾರೆ. ನಿಜಾನಾ, ಸುಮ್ನೆ ಹೆದರಿಸ್ತಾರಾ?

ಈ ಮಾತನ್ನು ಎಲ್ಲ ಕಾಯಿಲೆಗೂ ಅಂಟಿಸಿ ಮಾರುವವರಿದ್ದಾರೆ, ಅದು ತಪ್ಪು. ಆದರೆ ಕಿಡ್ನಿ ವೈಫಲ್ಯದಲ್ಲಿ ಇದಕ್ಕೆ ಆಧಾರ ಇದೆ. ಕೆಲವು ಬ್ಯಾಕ್ಟೀರಿಯಾಗಳ ಹೊರಕವಚದ ಚೂರಿಗೆ ಎಂಡೋಟಾಕ್ಸಿನ್ ಎನ್ನುತ್ತಾರೆ. 2011ರ ಇನ್ನೊಂದು ಅಧ್ಯಯನದಲ್ಲಿ ಕಿಡ್ನಿ ರೋಗ ಬೆಳೆದಂತೆಲ್ಲ ರಕ್ತದಲ್ಲಿ ಇದು ಏರುತ್ತಾ ಹೋಗಿತ್ತು, ಡಯಾಲಿಸಿಸ್ ಶುರುವಾದವರಲ್ಲಿ ಎಲ್ಲರಿಗಿಂತ ಹೆಚ್ಚಿತ್ತು.

ಡಯಾಲಿಸಿಸ್‌ನಲ್ಲಿ ಯಾಕೆ ಹೆಚ್ಚು? ಒಂದೇ ಸಲ ಜಾಸ್ತಿ ನೀರು ತೆಗೆದಾಗ ಬಿಪಿ ಬೀಳುತ್ತದೆ. ದೇಹ ಆಗ ಮಿದುಳು, ಹೃದಯಕ್ಕೆ ರಕ್ತ ಉಳಿಸಿ ಕರುಳಿಗೆ ಕಡಿಮೆ ಮಾಡುತ್ತದೆ. ರಕ್ತ ಸಿಗದ ಗೋಡೆ ಇನ್ನಷ್ಟು ಸಡಿಲ ಆಗುತ್ತದೆ. ಆದ್ದರಿಂದ ಎರಡು ಸರದಿಯ ನಡುವೆ ಉಪ್ಪು, ನೀರು ಹಿಡಿತದಲ್ಲಿ ಇಟ್ಟುಕೊಂಡು ತೂಕ ಕಡಿಮೆ ಏರುವ ಹಾಗೆ ನೋಡಿಕೊಳ್ಳುವುದು ಕರುಳಿಗೂ ಚಿಕಿತ್ಸೆಯೇ.

ಬ್ಯಾಕ್ಟೀರಿಯಾ ರೋಗನಿರೋಧಕ ಕಣಗಳ ಜೊತೆ "ಮಾತಾಡುತ್ತೆ" ಅಂದ್ರೆ ಏನು?

ಮುಖ್ಯವಾಗಿ ಬ್ಯುಟಿರೇಟ್ ಮೂಲಕ. ನಾರನ್ನು ಹುದುಗಿಸಿದಾಗ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳು ಹುಟ್ಟುತ್ತವೆ. ದೊಡ್ಡ ಕರುಳಿನ ಗೋಡೆಯ ಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ. ಅದು ಸಿಕ್ಕರೆ ಗೋಡೆ ಬಿಗಿ. ಜೊತೆಗೆ ಅದು ನಿಯಂತ್ರಕ ಟಿ-ಕೋಶಗಳನ್ನು ಹೆಚ್ಚಿಸುತ್ತದೆ. ಹೋರಾಟ ಸಾಕು, ನಿಲ್ಲಿಸಿ ಎಂದು ಉಳಿದ ಕಣಗಳಿಗೆ ಹೇಳುವುದು ಈ ಕೋಶಗಳ ಕೆಲಸ.

ಕಿಡ್ನಿ ವೈಫಲ್ಯದಲ್ಲಿ ಬ್ಯುಟಿರೇಟ್ ಮಾಡುವ ಬ್ಯಾಕ್ಟೀರಿಯಾ ಕುಟುಂಬಗಳು ಸೊರಗುತ್ತವೆ. ಯೂರಿಯಾ ಒಡೆಯುವ, ಇಂಡೋಲ್, ಕ್ರೆಸಾಲ್ ಮಾಡುವ ಕುಟುಂಬಗಳು ಹೆಚ್ಚುತ್ತವೆ. 2014ರಲ್ಲಿ ಪ್ರಕಟವಾದ ಅಧ್ಯಯನ ಒಂದು ಇದನ್ನು ಸ್ಪಷ್ಟವಾಗಿ ತೋರಿಸಿತು.

ಸುತ್ತಿ ಬಳಸಿ ಬೇಡ. ಸಂಶೋಧನೆಯಲ್ಲಿ ಪ್ರೋಬಯಾಟಿಕ್ ಕೆಲಸ ಮಾಡಿದೆಯಾ ಇಲ್ವಾ?

ರಕ್ತ ಪರೀಕ್ಷೆಯ ಕೆಲವು ಸಂಖ್ಯೆಗಳಲ್ಲಿ ಹೌದು. ಆಯಸ್ಸು, ಹೃದಯಾಘಾತ, ಡಯಾಲಿಸಿಸ್ ಮುಂದೂಡುವುದು, ಇವುಗಳಲ್ಲಿ ಸಾಬೀತಾಗಿಲ್ಲ.

2016ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಸಿನರ್ಜಿ ಪ್ರಯೋಗದಲ್ಲಿ ಡಯಾಲಿಸಿಸ್‌ಗೆ ಇನ್ನೂ ಬಾರದ 37 ರೋಗಿಗಳಿಗೆ 6 ವಾರ ಸಿನ್‌ಬಯಾಟಿಕ್ ಕೊಟ್ಟರು. ಪಿ-ಕ್ರೆಸಿಲ್ ಸಲ್ಫೇಟ್ ಇಳಿಯಿತು. ಇಂಡಾಕ್ಸಿಲ್ ಸಲ್ಫೇಟ್ ಎಲ್ಲರನ್ನೂ ಒಟ್ಟು ತೆಗೆದುಕೊಂಡಾಗ ಲೆಕ್ಕಕ್ಕೆ ಸಿಗುವಷ್ಟು ಇಳಿಯಲಿಲ್ಲ. ಸಂಶೋಧನೆಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ 45 ಅಧ್ಯಯನಗಳ 2,266 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ಬಹುಪಾಲು ಅಧ್ಯಯನಗಳು ಚಿಕ್ಕವು, ಅಲ್ಪಾವಧಿಯವು, ಆಧಾರ ದುರ್ಬಲ ಎಂಬುದೇ ಅದರ ತೀರ್ಮಾನ.

ಸಂಖ್ಯೆ ಇಳಿದ ಮಾತ್ರಕ್ಕೆ ರೋಗಿಗೆ ಒಳ್ಳೆಯದಾಯಿತು ಅಂತಲ್ಲ ಎನ್ನಲು ಎಎಸ್‌ಟಿ-120 ಎಂಬ ವಿಶೇಷ ಇದ್ದಿಲಿನ ಔಷಧಿ ಉದಾಹರಣೆ. ಅದು ಕರುಳಲ್ಲೇ ಇಂಡೋಲನ್ನು ಹೀರಿಕೊಳ್ಳುತ್ತದೆ, ಜಪಾನಿನಲ್ಲಿ 1991ರಿಂದ ಬಳಕೆಯಲ್ಲಿದೆ. 2015ರಲ್ಲಿ ಪ್ರಕಟವಾದ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಪ್ರಯೋಗದಲ್ಲಿ ಅದು ಡಯಾಲಿಸಿಸ್ ಅನ್ನು ಮುಂದೂಡಲಿಲ್ಲ.

ಹಾಗಾದ್ರೆ ಒಳ್ಳೆ ಬ್ಯಾಕ್ಟೀರಿಯಾ ಹಾಕಿದ್ರೂ ಯಾಕೆ ಹಿಡಿಯಲ್ಲ?

ನೆಲ ಹದ ಇಲ್ಲದೆ ಬೀಜ ಬಿತ್ತಿದ ಹಾಗೆ. ಯೂರಿಯಾ ತುಂಬಿದ, ನಾರಿಲ್ಲದ, ನಿಧಾನವಾಗಿ ಚಲಿಸುವ ಕರುಳಿಗೆ ಕ್ಯಾಪ್ಸೂಲಿನ ಬ್ಯಾಕ್ಟೀರಿಯಾ ಬರುತ್ತದೆ. ಒಂದು ಕ್ಯಾಪ್ಸೂಲಿನಲ್ಲಿ 1,000 ಕೋಟಿ ಇದ್ದರೂ ಒಳಗಿರುವ ಲಕ್ಷ ಕೋಟಿಗಳ ಎದುರು ಅದು ಹಿಡಿಮಣ್ಣು. ತಿನ್ನಲು ನಾರು ಸಿಗದಿದ್ದರೆ ಉಳಿಯುವುದಿಲ್ಲ. ಹಾಗಾಗಿ ನಾನು ಎಲ್ಲರಿಗೂ ಹೇಳುವ ಕ್ರಮ ಒಂದೇ: ಮೊದಲು ಮಲಬದ್ಧತೆ ಸರಿಪಡಿಸಿ, ಆಮೇಲೆ ನಾರು ಹೆಚ್ಚಿಸಿ, ಬೇಡದ ಆ್ಯಂಟಿಬಯಾಟಿಕ್, ಬೇಡದ ಆ್ಯಸಿಡಿಟಿ ಮಾತ್ರೆ ಡಾಕ್ಟರನ್ನು ಕೇಳಿ ಕಡಿಮೆ ಮಾಡಿ. ಕ್ಯಾಪ್ಸೂಲಿನ ಮಾತು ಅದಾದ ಮೇಲೆ.

ಐಜಿಎ ನೆಫ್ರೋಪತಿಗೆ ಕರುಳಲ್ಲೇ ಬಿಚ್ಚಿಕೊಳ್ಳೋ ಔಷಧಿ ಬಂದಿದೆಯಂತೆ, ಹೌದಾ?

ಹೌದು. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಪೇಯರ್ ತೇಪೆಗಳು ಎಂಬ ರೋಗನಿರೋಧಕ ಕಣಗಳ ಗುಂಪುಗಳಿವೆ. ಈ ಕಾಯಿಲೆಯಲ್ಲಿ ಕಿಡ್ನಿಯಲ್ಲಿ ಹೋಗಿ ಕೂರುವ ದೋಷಪೂರಿತ ಐಜಿಎ ಎಂಬ ಪ್ರತಿಕಾಯ ಬಹುಮಟ್ಟಿಗೆ ಅಲ್ಲಿಂದ ಬರುತ್ತದೆ ಎಂಬ ತಿಳುವಳಿಕೆಯ ಮೇಲೆ, ಅಲ್ಲೇ ಕರಗುವ ಬ್ಯುಡೆಸೊನೈಡ್ ಮಾತ್ರೆ ಮಾಡಿದರು. 2021ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಇದು ಸ್ಟೀರಾಯ್ಡ್, ಪ್ರೋಬಯಾಟಿಕ್ ಅಲ್ಲ. ಎಲ್ಲ ಕಿಡ್ನಿ ರೋಗಕ್ಕೂ ಅಲ್ಲ.

ಕಿಡ್ನಿ ಕಸಿ ಆಗಿದೆ. ಈಗ ತಗೋಬಹುದಾ?

ಕಸಿ ತಂಡ ಒಪ್ಪದೆ ಬೇಡ. ಮೊದಲ ಕೆಲವು ತಿಂಗಳು ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ಬಹಳ ತಗ್ಗಿಸಿರುತ್ತಾರೆ. ಆಗ ಜೀವಂತ ಸೂಕ್ಷ್ಮಜೀವಿ ನುಂಗುವುದು ಸರಿಯಲ್ಲ.

ಕರುಳಿನ ಬ್ಯಾಕ್ಟೀರಿಯಾ ನಿಮ್ಮ ಔಷಧಿಯ ಮೇಲೂ ಕೈಯಾಡಿಸುತ್ತದೆ. ಕಸಿ ಆದವರು ತಗೊಳ್ಳುವ ಮೈಕೋಫಿನೊಲೇಟ್ ಔಷಧಿ ಪಿತ್ತದ ಜೊತೆ ಕರುಳಿಗೆ ಬಂದಾಗ ಬ್ಯಾಕ್ಟೀರಿಯಾದ ಕಿಣ್ವವೇ ಅದನ್ನು ಬಿಡಿಸಿ ಮತ್ತೆ ರಕ್ತಕ್ಕೆ ಸೇರುವ ಹಾಗೆ ಮಾಡುತ್ತದೆ. ಭೇದಿ ಹಿಡಿದಾಗ ಕಸಿಯ ಇನ್ನೊಂದು ಔಷಧಿ ಟ್ಯಾಕ್ರೊಲಿಮಸ್‌ನ ಮಟ್ಟ ರಕ್ತದಲ್ಲಿ ಏರಿ ಹೊಸ ಕಿಡ್ನಿಗೇ ಪೆಟ್ಟು ಬೀಳಬಹುದು. ಕಸಿ ಆದವರಿಗೆ ಎರಡು ದಿನಕ್ಕಿಂತ ಜಾಸ್ತಿ ಭೇದಿ ಆದರೆ ಔಷಧಿ ಅಂಗಡಿಯಲ್ಲಿ ಪ್ರೋಬಯಾಟಿಕ್ ಕೇಳುವ ಬದಲು ಕಸಿ ತಂಡಕ್ಕೆ ಫೋನ್ ಮಾಡಿ, ರಕ್ತದ ಮಟ್ಟ ನೋಡಿಸಿ.

ಡಾಕ್ಟರ್ ಒಪ್ಪಿದ್ದಾರೆ, ಶುರು ಮಾಡ್ತೀನಿ. ಎಷ್ಟು ದಿನ ನೋಡ್ಬೇಕು, ಏನು ಗಮನಿಸ್ಬೇಕು?

8ರಿಂದ 12 ವಾರ ನೋಡಿ. ಆ ಅವಧಿಯಲ್ಲಿ ಊಟ, ಬೇರೆ ಮಾತ್ರೆ ಆದಷ್ಟು ಬದಲಿಸಬೇಡಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಗೊತ್ತಾಗದು. ಒಂದು ಪುಟ್ಟ ಪುಸ್ತಕದಲ್ಲಿ ದಿನಾ ಮೂರೇ ವಿಷಯ ಬರೆದಿಡಿ: ಮಲ ಹೋಯಿತಾ, ಹೊಟ್ಟೆ ಉಬ್ಬಿದೆಯಾ, ಹಸಿವು ಹೇಗಿದೆ. ಶುರು ಮಾಡುವ ಮೊದಲು ಮತ್ತು ಅವಧಿ ಮುಗಿದಾಗ ಸಿಆರ್‌ಪಿ, ಆಲ್ಬುಮಿನ್, ಪೊಟ್ಯಾಶಿಯಂ, ರಂಜಕ ನೋಡಿಸಿ. ಶೀತ, ಜ್ವರ ಇರುವ ವಾರದಲ್ಲಿ ಸಿಆರ್‌ಪಿ ತೆಗೆಸಿದರೆ ಅದು ಈ ಲೆಕ್ಕಕ್ಕೆ ಬಾರದು.

ಏನೂ ವ್ಯತ್ಯಾಸ ಇಲ್ಲ ಅಂದರೆ ನಿಲ್ಲಿಸಿ, ಆ ದುಡ್ಡನ್ನು ತರಕಾರಿಗೆ ಹಾಕಿ. ತಗೊಳ್ಳುತ್ತಿರುವಾಗ ಚಳಿ ಬಂದು ನಡುಗಿದರೆ ಅಥವಾ ಜ್ವರ ಬಂದರೆ ಅದೇ ದಿನ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಡಬ್ಬವನ್ನೂ ಜೊತೆಗೆ ಒಯ್ಯಿರಿ. ರಕ್ತದ ಕಲ್ಚರ್ (ರಕ್ತದಲ್ಲಿ ರೋಗಾಣು ಇದೆಯಾ ಎಂದು ಬೆಳೆಸಿ ನೋಡುವ ಪರೀಕ್ಷೆ) ಮಾಡುವವರಿಗೆ ಯಾವ ತಳಿ ಎಂದು ಗೊತ್ತಾಗಬೇಕು.